ಬೀಳದೆಯೂ ಕುಸಿಯುವ ಬೆನ್ನುಮೂಳೆ: ಹಿರಿಯರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದಲ್ಲಿ ಮೂಳೆ ರೋಗಿಗಳನ್ನು ನೋಡುತ್ತಾ ಬಹಳ ವರ್ಷಗಳಾದವು. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆಯಿಂದ ಅಜ್ಜ ಅಜ್ಜಿಯರನ್ನು ಕರೆದುಕೊಂಡು ಬರುವ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಹೊರರೋಗಿ ವಿಭಾಗದ ಗದ್ದಲದಲ್ಲಿ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಹೊರಗೆ ಇನ್ನೂ ಐವತ್ತು ಜನ ಕಾಯುತ್ತಿರುತ್ತಾರೆ. ಅದಕ್ಕೇ ಇಲ್ಲಿ ನಿಧಾನವಾಗಿ ಬರೆದಿದ್ದೇನೆ. ಇದನ್ನು ಓದಿ ಮನೆಯಲ್ಲೇ ಮಾತ್ರೆ ಶುರು ಮಾಡಬೇಡಿ. ಡಾಕ್ಟರ ಹತ್ತಿರ ಏನು ಕೇಳಬೇಕು ಅನ್ನುವುದು ಗೊತ್ತಾದರೆ ಸಾಕು.

ನಮ್ಮಮ್ಮ ಬಿದ್ದೇ ಇಲ್ಲ. ಮೂಳೆ ಹೇಗೆ ಮುರಿಯುತ್ತೆ?

ಬೆನ್ನುಮೂಳೆ ಒಂದೇ ಉದ್ದನೆಯ ಮೂಳೆ ಅಲ್ಲ. ಒಂದರ ಮೇಲೊಂದು ಪೇರಿಸಿದ ಮಣಿಗಳ ಸಾಲು. ಪ್ರತಿ ಮಣಿಯ ಹೊರಗೆ ತೆಳುವಾದ ಗಟ್ಟಿ ಪದರ ಇರುತ್ತದೆ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಂಬಗಳು. ವಯಸ್ಸಾದಂತೆ ಆ ಕಂಬಗಳು ತೆಳುವಾಗುತ್ತವೆ, ಕೆಲವು ಕಡಿದೇ ಹೋಗುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇದು ಬೇಗ ಬೇಗ ಆಗುತ್ತದೆ. ಗೆದ್ದಲು ತಿಂದ ತೊಲೆ ನೋಡಿದ್ದೀರಲ್ವಾ? ಹೊರಗಿನಿಂದ ನೆಟ್ಟಗೇ ಇರುತ್ತದೆ. ಯಾವತ್ತೋ ಒಂದು ದಿನ ಸ್ವಲ್ಪ ಭಾರ ಬಿದ್ದರೆ ಸಾಕು.

ಆ ಸ್ವಲ್ಪ ಭಾರ ಏನು ಬೇಕಾದರೂ ಆಗಬಹುದು. ಬಗ್ಗಿ ತುಂಬಿದ ಬಿಂದಿಗೆ ಎತ್ತಿದ್ದು, ಸೀಮೆಹಸುವಿಗೆ ಹುಲ್ಲಿನ ಹೊರೆ ಹೊತ್ತದ್ದು, ಜೋರಾಗಿ ಕೆಮ್ಮಿದ್ದು, ಸೀನಿದ್ದು. ಬಸ್ಸಿನ ಕೊನೇ ಸೀಟಿನಲ್ಲಿ ಕೂತಿದ್ದಾಗ ಹಂಪಿನ ಮೇಲೆ ಎಗರಿ ಬಿದ್ದದ್ದು. ಈ ಕೊನೆಯದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ವಯಸ್ಸಾದವರನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಬೇಡಿ. ಬೈಕಿನ ಹಿಂದೆ ಕೂರಿಸಿಕೊಂಡರೆ ಹಂಪು ಬಂದಾಗ ಪೂರ್ತಿ ನಿಧಾನ ಮಾಡಿ.

ಬೀಳದೆ ಮುರಿದಿದೆ ಅಂದರೆ ಮೂಳೆ ಮೊದಲೇ ಟೊಳ್ಳಾಗಿತ್ತು ಎಂದರ್ಥ. ‘ವಯಸ್ಸಾಯ್ತು ಬಿಡಿ, ಹೀಗೇ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಸುಮ್ಮನಾಗಬೇಡಿ. ಇದೊಂದು ಕಾಯಿಲೆ, ಆಸ್ಟಿಯೋಪೊರೋಸಿಸ್ ಎಂದು ಅದರ ಹೆಸರು. ಮುಂದೆ ‘ಮೂಳೆ ಸವೆತ’ ಅಂದಾಗಲೂ ಇದನ್ನೇ ಹೇಳುತ್ತಿದ್ದೇನೆ. ಇದಕ್ಕೆ ಔಷಧಿ ಇದೆ.

ವರದಿಯಲ್ಲಿ ‘ಡಿ 12 ವೆಜ್ ಕಂಪ್ರೆಷನ್’ ಅಂತ ಬರೆದಿದ್ದಾರೆ. ಹಾಗಂದ್ರೆ?

ಡಿ 12 ಅಂದರೆ ಎದೆಗೂಡಿನ ಹಿಂದಿರುವ 12 ಮಣಿಗಳಲ್ಲಿ ಕೊನೆಯದು. ಅದರ ಕೆಳಗಿನದು ಎಲ್ 1, ಸೊಂಟದ ಮೊದಲ ಮಣಿ. ಅಲುಗಾಡದ ಎದೆಗೂಡು ಮುಗಿದು ಬಾಗುವ ಸೊಂಟ ಶುರುವಾಗುವ ಜಾಗ ಅದು. ಹಾಗಾಗಿ ಅಲ್ಲೇ ಹೆಚ್ಚು ಕುಸಿತ. ವೆಜ್ ಅಂದರೆ ಬೆಣೆ. ಮಣಿಯ ಮುಂಭಾಗ ಕುಸಿದು ಹಿಂಭಾಗ ಉಳಿದಿದೆ. ಬೆನ್ನುಹುರಿ ಹಿಂದೆ ಇರುವುದರಿಂದ ಸಾಮಾನ್ಯವಾಗಿ ಅದಕ್ಕೆ ಪೆಟ್ಟಾಗುವುದಿಲ್ಲ. ‘ಬೆನ್ನುಮೂಳೆ ಮುರಿದಿದೆ’ ಅಂದ ತಕ್ಷಣ ಕಾಲು ಬಿದ್ದುಹೋಗುತ್ತದೆ ಎಂದು ಹೆದರಬೇಡಿ.

ಆರು ತಿಂಗಳಿಂದ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಡ್ತಿದ್ರು. ಈಗ ಮೂಳೆ ಅಂತೀರಲ್ಲ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನನ್ನ ಅಜ್ಜಿ ನೆನಪಾಗುತ್ತಾಳೆ. ಪಕ್ಕೆಯಿಂದ ಹೊಟ್ಟೆಯ ಕಡೆಗೆ ಪಟ್ಟಿ ಬಿಗಿದ ಹಾಗೆ ನೋವು ಅನ್ನುತ್ತಿದ್ದಳು. ಒಂದು ಆಸ್ಪತ್ರೆಯಲ್ಲಿ ಗ್ಯಾಸ್ ಅಂದರು, ಇನ್ನೊಂದರಲ್ಲಿ ಕಿಡ್ನಿ ಕಲ್ಲು ಇರಬಹುದು ಅಂದರು. ಹೊಟ್ಟೆಯ ಸ್ಕ್ಯಾನ್ ಎರಡು ಸಲ ಆಯಿತು. ಬೆನ್ನಿನ ಎಕ್ಸ್‌ರೇ ಮಾತ್ರ ಯಾರೂ ತೆಗೆಸಲಿಲ್ಲ. ನಾನು ಆಗ ವೈದ್ಯಕೀಯ ಓದುತ್ತಿದ್ದೆ. ನನಗೂ ಹೊಳೆಯಲಿಲ್ಲ. ಕೊನೆಗೆ ಎಕ್ಸ್‌ರೇ ತೆಗೆದಾಗ ಮೂರು ಮಣಿ ಕುಸಿದಿದ್ದವು. ಮೊದಲನೆಯದು ಕುಸಿದಾಗಲೇ ಹಿಡಿದಿದ್ದರೆ ಉಳಿದೆರಡನ್ನು ತಡೆಯಬಹುದಿತ್ತೇನೋ ಎಂಬ ಸಂಕಟ ಇವತ್ತಿಗೂ ಇದೆ.

ಕುಸಿದ ಮಣಿಯ ಪಕ್ಕದಿಂದ ಹೊರಡುವ ನರಗಳು ಪಕ್ಕೆ ಸುತ್ತಿ ಮುಂದೆ ಬರುತ್ತವೆ. ಅದಕ್ಕೇ ನೋವು ಹೊಟ್ಟೆಯಲ್ಲಿ, ಎದೆಯ ಕೆಳಗೆ ಕಾಣಿಸುತ್ತದೆ. ಗುರುತಿಸುವುದು ಹೀಗೆ. ಊಟಕ್ಕೂ ಈ ನೋವಿಗೂ ಸಂಬಂಧ ಇರುವುದಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಮಲಗಿದವರು ಏಳುವಾಗ ಜೀವ ಹೋದಂತೆ ಆಗುತ್ತದೆ. ಅಲುಗಾಡದೆ ಮಲಗಿದರೆ ಕಡಿಮೆಯಾಗುತ್ತದೆ. ಬೆನ್ನಿನ ನಡುಗೆರೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಬಂದರೆ ಒಂದು ಜಾಗದಲ್ಲಿ ‘ಅಮ್ಮಾ’ ಅನ್ನುತ್ತಾರೆ. ಡಿಸ್ಕ್ ಜಾರಿದ ನೋವು ಕಾಲಿಗೆ ಇಳಿಯುತ್ತದೆ, ಇದು ಸಾಮಾನ್ಯವಾಗಿ ಇಳಿಯುವುದಿಲ್ಲ.

ಇನ್ನೊಂದು ಮಾತು. ಗ್ಯಾಸ್ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಲ್ಲಿ ಮೂಳೆ ಮುರಿತ ಸ್ವಲ್ಪ ಜಾಸ್ತಿ ಕಂಡುಬಂದಿದೆ. ಬೇಕಾದಷ್ಟು ದಿನ ಮಾತ್ರ ತೆಗೆದುಕೊಳ್ಳಿ. ಆದರೆ ಎದೆನೋವಿಗೆ ಬೆವರು, ಉಸಿರಾಟದ ತೊಂದರೆ ಜೊತೆಯಾದರೆ ಮೊದಲು ಇಸಿಜಿ. ಬೆನ್ನು ಆಮೇಲೆ.

ನೋವೇ ಇಲ್ಲ, ಬೆನ್ನು ಮಾತ್ರ ಗೂನಾಗ್ತಿದೆ. ಆಗಲೂ ತೋರಿಸಬೇಕಾ?

ಹೌದು, ಖಂಡಿತ. ಕುಸಿತಗಳಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಯಾರ ಗಮನಕ್ಕೂ ಬರದೆ ಹೋಗುತ್ತವೆ. ‘ನಡುಮು ಪಟ್ಟೇಸಿಂದಿ’ (ತೆಲುಗಿನಲ್ಲಿ ‘ಸೊಂಟ ಹಿಡಿದುಕೊಂಡಿದೆ’) ಎಂದು ಹೇಳಿ ಎರಡು ದಿನ ಮಲಗಿ ಎದ್ದುಬಿಡುತ್ತಾರೆ, ಅಷ್ಟೇ.

ನಮ್ಮ ಹಿರಿಯರಿಗೆ ತಮ್ಮ ಎತ್ತರ ಎಷ್ಟಿತ್ತು ಅನ್ನುವುದು ಗೊತ್ತಿರುವುದಿಲ್ಲ. ಮನೆಯವರ ಕಣ್ಣಿಗೆ ಮಾತ್ರ ಬೇರೆ ಗುರುತುಗಳು ಸಿಗುತ್ತವೆ. ಮೊದಲು ಕೈಗೆ ಸಿಗುತ್ತಿದ್ದ ಗೂಡಿನ ಡಬ್ಬಿ ಈಗ ಎಟುಕುವುದಿಲ್ಲ. ಅದೇ ಸೀರೆ, ಈಗ ಸೊಂಟದಲ್ಲಿ ಜಾಸ್ತಿ ಮೇಲೆತ್ತಿ ಸಿಕ್ಕಿಸಬೇಕು. ರವಿಕೆ ಮುಂದೆ ಸಡಿಲ, ಬೆನ್ನಲ್ಲಿ ಬಿಗಿ. ಗೋಡೆಗೆ ಹಿಮ್ಮಡಿ ಒತ್ತಿ ನಿಂತರೆ ತಲೆಯ ಹಿಂಭಾಗ ಗೋಡೆಗೆ ತಾಕುವುದಿಲ್ಲ. ಪಕ್ಕೆಲುಬು ಇಳಿದು ಸೊಂಟದ ಮೂಳೆಗೆ ಹತ್ತಿರ ಬಂದಿರುತ್ತದೆ. ಹೊಟ್ಟೆ ಮುಂದೆ ಬರುತ್ತದೆ, ಎರಡು ತುತ್ತಿಗೆ ಸಾಕು ಅನ್ನುತ್ತಾರೆ. ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಲೇಬೇಕು.

ಯಾವ ಟೆಸ್ಟ್ ಮಾಡಿಸಬೇಕು? ಎಂಆರ್‌ಐ ಬೇಕೇ ಬೇಕಾ?

ಮೊದಲು ಬೆನ್ನಿನ ಎಕ್ಸ್‌ರೇ, ಪಕ್ಕದಿಂದ ತೆಗೆದದ್ದು. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಮಣಿಯ ಎತ್ತರ 20ರಿಂದ 25 ಶೇಕಡ ಕಡಿಮೆಯಾಗಿದ್ದರೆ ಸಣ್ಣ ಕುಸಿತ, 25ರಿಂದ 40 ಮಧ್ಯಮ, ಅದಕ್ಕಿಂತ ಜಾಸ್ತಿ ಇದ್ದರೆ ದೊಡ್ಡದು. ಹೊಸದರಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ನೋವು ಹಾಗೇ ಇದ್ದರೆ ಎರಡು ವಾರ ಬಿಟ್ಟು ಮತ್ತೆ ತೆಗೆಸಿ.

ಎಕ್ಸ್‌ರೇ ಕುಸಿತವನ್ನು ತೋರಿಸುತ್ತದೆ. ಅದು ಹೋದ ವಾರದ್ದೋ ಹತ್ತು ವರ್ಷ ಹಳೆಯದೋ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಎಂಆರ್‌ಐ. ಹೊಸ ಮುರಿತ ಇದ್ದರೆ ಮಣಿಯೊಳಗೆ ನೀರು ತುಂಬಿದಂತೆ ಬೆಳ್ಳಗೆ ಕಾಣುತ್ತದೆ. ಕ್ಷಯವೋ ಗೆಡ್ಡೆಯೋ ಎಂಬ ಅನುಮಾನ ಇದ್ದರೆ, ಕಾಲಿನ ಬಲ ಕುಗ್ಗಿದ್ದರೆ, ಕುಸಿದ ಮಣಿಗೆ ಸಿಮೆಂಟ್ ತುಂಬಿಸುವ (ಇದರ ಬಗ್ಗೆ ಮುಂದೆ ಹೇಳಿದ್ದೇನೆ) ಯೋಚನೆ ಇದ್ದರೆ ಎಂಆರ್‌ಐ ಬೇಕೇ ಬೇಕು. ಉಳಿದವರಿಗೆಲ್ಲ ಬೇಕಿಲ್ಲ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ರಕ್ತ ಪರೀಕ್ಷೆಯನ್ನು ಮಾತ್ರ ಯಾರಿಗೂ ಬಿಡಬಾರದು. ಹಿಮೋಗ್ಲೋಬಿನ್, ಇಎಸ್‌ಆರ್, ಕ್ಯಾಲ್ಸಿಯಂ, ಕ್ರಿಯಾಟಿನಿನ್, ಅಲ್ಕಲೈನ್ ಫಾಸ್ಫಟೇಸ್, ಥೈರಾಯ್ಡ್, ವಿಟಮಿನ್ ಡಿ. ಅನುಮಾನ ಇದ್ದರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು ರಕ್ತದ ಪ್ರೋಟೀನಿನ ಎಲೆಕ್ಟ್ರೋಫೋರೆಸಿಸ್. ಗಂಡಸರಿಗೆ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಗ್ರಂಥಿಯ ಪರೀಕ್ಷೆ.

ಡೆಕ್ಸಾ ಸ್ಕ್ಯಾನ್‌ನಲ್ಲಿ ಮೂಳೆ ಗಟ್ಟಿಯಾಗಿದೆ ಅಂತ ಬಂದಿದೆ. ಮತ್ತೆ ಹೇಗೆ ಮುರೀತು?

ನಮ್ಮ ಕಡೆಯವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು.

ಡೆಕ್ಸಾ ಮೂಳೆಯ ಸಾಂದ್ರತೆಯನ್ನು ಅಳೆಯುತ್ತದೆ. ಟಿ ಸ್ಕೋರ್ (ಆರೋಗ್ಯವಂತ ಯುವಕರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್ ಅನ್ನುತ್ತೇವೆ. ಆದರೆ ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲವೇ ಇಲ್ಲ ಅಂದರೆ 1.5ರವರೆಗೆ ಕುಡಿಯಬಹುದು ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಇಪ್ಪತ್ತು, ಮೂವತ್ತು ವರ್ಷ ಕುಡಿದರೆ ಫ್ಲೋರೈಡ್ ಮೂಳೆಯೊಳಗೆ ಸೇರಿಕೊಳ್ಳುತ್ತದೆ. ಮೂಳೆ ದಪ್ಪಗೆ, ಎಕ್ಸ್‌ರೇಯಲ್ಲಿ ಸುಣ್ಣದಂತೆ ಬೆಳ್ಳಗೆ ಕಾಣುತ್ತದೆ. ದಪ್ಪ ಆದ ಮಾತ್ರಕ್ಕೆ ಗಟ್ಟಿ ಅಲ್ಲ. ಸಾಂದ್ರತೆ ಏರುತ್ತದೆ, ಬಾಗುವ ಗುಣ ಹೋಗುತ್ತದೆ. ಹಂಚಿನ ಹಾಗೆ ಪೆಡಸು. ಇಂಥವರ ಡೆಕ್ಸಾ ಸಂಖ್ಯೆ ಚೆನ್ನಾಗಿಯೇ ಬರುತ್ತದೆ. ಅದನ್ನು ನಂಬಿ ಕೂರಬಾರದು.

ಫ್ಲೋರೈಡ್ ಇಲ್ಲದಿದ್ದರೂ ವಯಸ್ಸಾದವರ ಸೊಂಟದ ಮಣಿಗಳ ಅಂಚಿನಲ್ಲಿ ಮೂಳೆ ಬೆಳೆದಿರುತ್ತದೆ. ಅದೂ ಸಂಖ್ಯೆಯನ್ನು ಏರಿಸುತ್ತದೆ. ಕುಸಿದ ಮಣಿಯನ್ನೇ ಅಳೆದರಂತೂ ಲೆಕ್ಕ ಪೂರ್ತಿ ತಪ್ಪು. ಹಾಗಾಗಿ ತೊಡೆಯ ಕೀಲು, ಮುಂಗೈ ಎರಡನ್ನೂ ಅಳೆಸಿ. ಸಕ್ಕರೆ ಕಾಯಿಲೆ ಇರುವವರ ಮೂಳೆಯೂ ಡೆಕ್ಸಾ ಹೇಳುವುದಕ್ಕಿಂತ ದುರ್ಬಲ.

ಸಣ್ಣ ಕಾರಣಕ್ಕೆ ಮಣಿ ಕುಸಿದಿದೆ, ಬೇರೆ ಕಾಯಿಲೆ ಇಲ್ಲ ಅಂತಾದರೆ ಅಷ್ಟೇ ಸಾಕು. ಡೆಕ್ಸಾ ಏನೇ ಹೇಳಲಿ, ಅದು ಆಸ್ಟಿಯೋಪೊರೋಸಿಸ್. ಡೆಕ್ಸಾ ಮೆಷಿನ್ ಹತ್ತಿರದಲ್ಲಿ ಇಲ್ಲ ಎಂದು ಚಿಕಿತ್ಸೆ ತಡಮಾಡಬೇಡಿ.

ನೀರಿನ ವಿಷಯ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಜಾಸ್ತಿಯೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನು ಕುಡಿಯಲು, ಅಡುಗೆಗೆ, ಮುದ್ದೆಯ ಎಸರಿಗೂ ಬಳಸಿ. ಕುಡಿಯಲು ಒಂದು, ಅಡುಗೆಗೆ ಇನ್ನೊಂದು ನೀರು ಮಾಡಿದರೆ ಅರ್ಧ ಪ್ರಯೋಜನ ಹೋಯಿತು. ಈಗಾಗಲೇ ಮೂಳೆ ಸೇರಿದ ಫ್ಲೋರೈಡ್ ತಕ್ಷಣ ಮಾಯವಾಗುವುದಿಲ್ಲ, ಆದರೆ ಮನೆಯ ಮಕ್ಕಳಾದರೂ ಉಳಿಯುತ್ತಾರೆ.

ಇದು ಕ್ಯಾನ್ಸರ್ ಇರಬಹುದಾ? ಟಿಬಿ ಇರಬಹುದಾ?

ಇರಬಹುದು. ಅದಕ್ಕೇ ಪರೀಕ್ಷೆಗಳು. ಮೂಳೆ ಸವೆತದ ನೋವು ಮಲಗಿದಾಗ ಕಡಿಮೆಯಾಗುತ್ತದೆ. ರಾತ್ರಿ ಮಲಗಿದಾಗಲೂ ಬಿಡದ ನೋವು, ಸಂಜೆ ಜ್ವರ, ತೂಕ ಇಳಿಯುವುದು, ಹಸಿವೇ ಇಲ್ಲದಿರುವುದು, ಇವು ಬೇರೆ ಕಾಯಿಲೆಯ ಸೂಚನೆ.

ಕ್ಷಯ ಬೆನ್ನಿಗೆ ಬಂದಾಗ ಎರಡು ಮಣಿಗಳನ್ನೂ ನಡುವಿನ ಡಿಸ್ಕನ್ನೂ ತಿನ್ನುತ್ತದೆ. ಮೂಳೆ ಸವೆತದಲ್ಲಿ ಡಿಸ್ಕ್ ಉಳಿದಿರುತ್ತದೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೆ ಅಲ್ಲಿ ಕೆಳಗಿಳಿದು ದುಡಿದವರು ಇನ್ನೂ ಇದ್ದಾರೆ. ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದವರಿಗೆ ಕ್ಷಯ ಬೇಗ ಅಂಟುತ್ತದೆ. ಹಳೆಯ ಗಣಿ ಕೆಲಸಗಾರರು ಬೆನ್ನುನೋವು ಎಂದು ಬಂದರೆ ನಾನು ಕ್ಷಯವನ್ನು ಮೊದಲು ಯೋಚಿಸುತ್ತೇನೆ. ಕ್ವಾರಿಯಲ್ಲಿ, ಕ್ರಷರ್‌ನಲ್ಲಿ ದುಡಿದವರಿಗೂ ಇದೇ ಮಾತು. ಅನುಮಾನ ಇದ್ದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಔಷಧಿ ಸರ್ಕಾರದಿಂದ ಉಚಿತ. ಬೆನ್ನಿನ ಕ್ಷಯಕ್ಕೆ ಸಾಮಾನ್ಯವಾಗಿ ಒಂದು ವರ್ಷ ತೆಗೆದುಕೊಳ್ಳಬೇಕು. ಮೂರು ತಿಂಗಳಿಗೆ ನೋವು ಹೋಯಿತು ಎಂದು ಬಿಡಬಾರದು.

ಕ್ಯಾನ್ಸರಿನಲ್ಲಿ ಎರಡು ದಾರಿ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶದಿಂದ ಹರಡಿ ಬರಬಹುದು. ಅಥವಾ ಮೈಲೋಮ ಎಂಬ ರಕ್ತದ ಕ್ಯಾನ್ಸರ್. ಬೆನ್ನುನೋವಿನ ಜೊತೆ ರಕ್ತಹೀನತೆ, ಇಎಸ್‌ಆರ್ ನೂರರ ಹತ್ತಿರ, ಕ್ರಿಯಾಟಿನಿನ್ ಏರಿಕೆ ಕಂಡರೆ ಮೈಲೋಮದ ಪರೀಕ್ಷೆ ಬಿಡಬಾರದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಕಳಿಸಿದರೆ ‘ಕೈ ಬಿಟ್ಟರು’ ಎಂದು ಅಂದುಕೊಳ್ಳಬೇಡಿ. ಇದಕ್ಕೂ ಚಿಕಿತ್ಸೆ ಇದೆ.

ಯಾವಾಗ ತಕ್ಷಣ ಓಡಬೇಕು?

ಕಾಲು ಎತ್ತಲು ಆಗುತ್ತಿಲ್ಲ. ಮೂತ್ರ ಕಟ್ಟಿದೆ, ಅಥವಾ ಗೊತ್ತಿಲ್ಲದೆ ಹೋಗುತ್ತಿದೆ. ಕೂರುವ ಜಾಗ ಮರಗಟ್ಟಿದೆ. ಇದರಲ್ಲಿ ಒಂದಿದ್ದರೂ ಬೆಳಗಾಗುವವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ನರದ ಮೇಲಿನ ಒತ್ತಡವನ್ನು ಬೇಗ ತೆಗೆದಷ್ಟೂ ಕಾಲು ಉಳಿಯುವ ಸಾಧ್ಯತೆ ಜಾಸ್ತಿ.

ಎಷ್ಟು ದಿನ ಮಲಗಬೇಕು? ಚಾಪೆ ಮೇಲೆ ಮಲಗಿಸೋದು ಒಳ್ಳೇದಾ?

ತೀರಾ ನೋವಿರುವ ಮೊದಲ ಕೆಲವು ದಿನ ಮಾತ್ರ. ‘ಮೂರು ತಿಂಗಳು ಅಲುಗಾಡಬಾರದು’ ಎಂದು ಮಲಗಿಸಿದ ಅಜ್ಜ ಅಜ್ಜಿಯರು ಬೆನ್ನಿಗಿಂತ ಮಲಗಿದ್ದರಿಂದಲೇ ಹೆಚ್ಚು ಸೊರಗುತ್ತಾರೆ. ಹಾಸಿಗೆ ಹುಣ್ಣು, ಕಫ ಕಟ್ಟಿ ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಮಲಬದ್ಧತೆ. ಮಲಗಿದ ಮೂಳೆ ಇನ್ನಷ್ಟು ಸವೆಯುತ್ತದೆ.

ಚಾಪೆ ಬೇಡ. ನೆಲದಿಂದ ಏಳಲು ಪೂರ್ತಿ ಬಗ್ಗಬೇಕು, ಕುಸಿದ ಮಣಿಗೆ ಅದೇ ಅಪಾಯ. ಮಂಡಿ ಎತ್ತರದ ಮಂಚ, ಗಟ್ಟಿ ಹತ್ತಿ ಹಾಸಿಗೆ ಸಾಕು. ಏಳುವಾಗ ನೇರವಾಗಿ ಎದ್ದು ಕೂರಬಾರದು. ಮೊದಲು ಮಂಡಿ ಮಡಚಿ. ಭುಜ ಸೊಂಟ ಎರಡೂ ಒಟ್ಟಿಗೆ, ಮರದ ದಿಮ್ಮಿ ಉರುಳುವ ಹಾಗೆ ಮಗ್ಗುಲಿಗೆ ತಿರುಗಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಾ ಕೈ ಊರಿ ಏಳಿ. ಇದನ್ನು ಮನೆಯವರೆಲ್ಲ ಕಲಿಯಬೇಕು. ಕಂಕುಳಿಗೆ ಕೈ ಹಾಕಿ ಎಳೆದು ಎಬ್ಬಿಸುವುದನ್ನು ದಯವಿಟ್ಟು ಬಿಡಿ.

ನೋವಿಗೆ ಏನು ಕೊಡಬಹುದು?

ಪ್ಯಾರಾಸಿಟಮಾಲ್‌ನಿಂದ ಶುರು. ಹಿರಿಯರಿಗೆ ದಿನಕ್ಕೆ ಒಟ್ಟು 3 ಗ್ರಾಂ ದಾಟಬಾರದು. ಡೈಕ್ಲೋಫೆನಾಕ್‌ನಂಥ ಮಾತ್ರೆ, ಇಂಜೆಕ್ಷನ್‌ಗಳನ್ನು ಅಂಗಡಿಯಿಂದ ತಂದು ತಂದು ಕೊಡಬೇಡಿ. ಕಿಡ್ನಿ ಕೆಡುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಬಿಪಿ ಏರುತ್ತದೆ. ಟ್ರಮಡಾಲ್ ಕೊಟ್ಟರೆ ತಲೆಸುತ್ತು ಬರಬಹುದು. ರಾತ್ರಿ ಎದ್ದಾಗ ಜೊತೆಗೆ ಯಾರಾದರೂ ಇರಲಿ. ಕ್ಯಾಲ್ಸಿಟೋನಿನ್ ಮೂಗಿನ ಸ್ಪ್ರೇ ಮೊದಲ ಎರಡು, ಮೂರು ವಾರ ಕೆಲವರಿಗೆ ಒಳ್ಳೆಯ ಆರಾಮ ಕೊಡುತ್ತದೆ. ನೋವು ಸಾಮಾನ್ಯವಾಗಿ 6ರಿಂದ 12 ವಾರದಲ್ಲಿ ತಗ್ಗುತ್ತದೆ.

‘ಒಂದೇ ಸೂಜಿಗೆ ನೋವು ಮಾಯ’ ಅನ್ನುವ ಕಡೆ ಹುಷಾರಾಗಿರಿ. ಅಂಥ ಸೂಜಿಯಲ್ಲಿ, ಹೆಸರಿಲ್ಲದ ಪುಡಿ ಪೊಟ್ಟಣಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮೂರು ತಿಂಗಳು ತೆಗೆದುಕೊಂಡರೂ ಮೂಳೆ ಸವೆಯುತ್ತದೆ. ಮಂಡಿನೋವಿಗೆ, ಆಸ್ತಮಾಕ್ಕೆ ಸ್ಟೀರಾಯ್ಡ್ ನುಂಗುತ್ತಿದ್ದವರೇ ಬೆನ್ನು ಕುಸಿದು ಬರುವುದು ಮಾಮೂಲಿ. ಆದರೆ ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸಬಾರದು. ಡಾಕ್ಟರಿಗೆ ಹೇಳಿ ನಿಧಾನವಾಗಿ ಇಳಿಸಬೇಕು.

ಬೆಲ್ಟ್ ಹಾಕಿದ್ರೆ ಸಾಕಾ?

ಸಾಲದು. ಅಂಗಡಿಯಲ್ಲಿ ಸಿಗುವ ಸೊಂಟದ ಬೆಲ್ಟ್ ಡಿ 12ರವರೆಗೆ ತಲುಪುವುದೇ ಇಲ್ಲ. ಭುಜದಿಂದ ಸೊಂಟದವರೆಗೆ ಹಿಡಿಯುವ ಟೇಲರ್ ಬ್ರೇಸ್, ಅಥವಾ ಮುಂದೆ ಮೂರು ಕಡೆ ಒತ್ತುವ ಆ್ಯಶ್ ಬ್ರೇಸ್ ಬೇಕು. ಎದ್ದು ಓಡಾಡುವಾಗ ಹಾಕಿ, ಮಲಗುವಾಗ ತೆಗೆಯಿರಿ. 6ರಿಂದ 8 ವಾರ ಸಾಕು. ಬ್ರೇಸ್ ಮೂಳೆಯನ್ನು ಕೂಡಿಸುವುದಿಲ್ಲ, ನೋವನ್ನು ತಡೆಯಲು ನೆರವಾಗುತ್ತದೆ ಅಷ್ಟೇ.

ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿದ್ರೆ ಸರಿಹೋಗುತ್ತಂತೆ. ಎಣ್ಣೆ ಹಚ್ಚಿ ತಿಕ್ಕಿಸಬಹುದಾ?

ಒದೆಸಬೇಡಿ. ಕೈ ಮುಗಿದು ಕೇಳುತ್ತೇನೆ. ಚಿಕ್ಕವರ ಸೊಂಟದ ಹಿಡಿತಕ್ಕೆ ನಡೆದುಬಂದ ನಂಬಿಕೆ ಅದು. ಟೊಳ್ಳಾದ ಮೂಳೆಗೆ ಒಂದು ಒದೆತ ಬಿದ್ದರೆ ಪಕ್ಕದ ಮಣಿಯೂ ಕುಸಿಯಬಹುದು, ಚೂರು ಹಿಂದೆ ಸರಿದು ನರಕ್ಕೆ ತಾಗಬಹುದು. ಬೆನ್ನು ಮೆಟ್ಟಿಸುವುದು, ನೆಟಿಗೆ ತೆಗೆಸುವುದು, ಎಳೆಸುವುದು ಯಾವುದೂ ಬೇಡ. ಕೈಕಾಲಿನ ಮೂಳೆಗೆ ನಾಟಿ ಕಟ್ಟು ಹಾಕಿಸುವವರು ನಮ್ಮಲ್ಲಿ ಬಹಳ. ಆದರೆ ಬೆನ್ನಿನ ಮಣಿ ಒಳಗಡೆ ಇರುತ್ತದೆ, ಹೊರಗಿನ ಕಟ್ಟಿಗೆ ಅದು ಸಿಗುವುದಿಲ್ಲ. ಬಿಸಿ ಶಾಖ ಕೊಡಬಹುದು. ಪಕ್ಕದ ಬಿಗಿದ ಮಾಂಸಖಂಡಕ್ಕೆ ಮೆಲ್ಲಗೆ ಎಣ್ಣೆ ಸವರಬಹುದು. ಒತ್ತಬಾರದು.

ಸಿಮೆಂಟ್ ತುಂಬಿಸಿದ್ರೆ ಅವತ್ತೇ ಎದ್ದು ಓಡಾಡ್ತಾರಂತೆ. ಮಾಡಿಸೋಣವಾ?

ಇದರ ಹೆಸರು ವರ್ಟಿಬ್ರೋಪ್ಲಾಸ್ಟಿ. 1984ರಲ್ಲಿ ಫ್ರಾನ್ಸಿನಲ್ಲಿ ಮೊದಲು ಮಾಡಿದರು. ರೋಗಿಯನ್ನು ಬೋರಲು ಮಲಗಿಸಿ, ಜಾಗ ಮರಗಟ್ಟಿಸಿ, ಎಕ್ಸ್‌ರೇ ನೋಡುತ್ತಾ ಸೂಜಿಯನ್ನು ಕುಸಿದ ಮಣಿಯೊಳಗೆ ಇಳಿಸುತ್ತಾರೆ. ಮೂಳೆ ಸಿಮೆಂಟ್ ತುಂಬುತ್ತಾರೆ. ಅದು ಮನೆ ಕಟ್ಟುವ ಸಿಮೆಂಟ್ ಅಲ್ಲ, ಅಕ್ರಿಲಿಕ್ ಜಾತಿಯದು. ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಮೊದಲು ಬಲೂನ್ ಉಬ್ಬಿಸಿ ಜಾಗ ಮಾಡಿ ತುಂಬಿದರೆ ಅದು ಕೈಫೋಪ್ಲಾಸ್ಟಿ.

ಕೆಲವರು ನಿಜವಾಗಿಯೂ ಮಾರನೇ ದಿನ ನಡೆಯುತ್ತಾರೆ. ನಾನೂ ನೋಡಿದ್ದೇನೆ. ಆದರೂ ಪೂರ್ತಿ ವಿಷಯ ಹೇಳಬೇಕು. 2009ರಲ್ಲಿ ಎರಡು ಮುಖ್ಯ ಅಧ್ಯಯನಗಳು ಬಂದವು. ಅರ್ಧ ಜನರಿಗೆ ಸಿಮೆಂಟ್ ತುಂಬಿದರು. ಇನ್ನರ್ಧಕ್ಕೆ ಎಲ್ಲ ಏರ್ಪಾಡು ಮಾಡಿ, ಸಿಮೆಂಟ್ ಮಾತ್ರ ಹಾಕಲಿಲ್ಲ. ಯಾರಿಗೆ ಯಾವುದು ಎಂದು ರೋಗಿಗಳಿಗೆ ತಿಳಿಸಲಿಲ್ಲ. ಎರಡೂ ಗುಂಪಿನ ನೋವು ಒಂದೇ ತರಹ ಇಳಿಯಿತು. 2016ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಮುರಿದು 6 ವಾರದೊಳಗಿನ, ತೀರಾ ನೋವಿರುವ ಹಿರಿಯರನ್ನು ಮಾತ್ರ ಆರಿಸಿಕೊಂಡಿದ್ದರು. ಅವರಿಗೆ ಸಿಮೆಂಟಿನಿಂದ ಪ್ರಯೋಜನ ಕಂಡಿತು. 2018ರ ಮತ್ತೊಂದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. ಎಲ್ಲರಿಗೂ ಬೇಡ. ಮೊದಲ ಮೂರು, ನಾಲ್ಕು ವಾರ ಮಾತ್ರೆ, ಬ್ರೇಸ್, ನಡಿಗೆ. ಅಷ್ಟಾದರೂ ಹಾಸಿಗೆಯಿಂದ ಏಳಲು ಆಗುತ್ತಿಲ್ಲ, ಎಂಆರ್‌ಐನಲ್ಲಿ ಅದೇ ಮಣಿ ಹೊಸದಾಗಿ ಮುರಿದಿದೆ, ತಟ್ಟಿದಾಗ ನೋವೂ ಅಲ್ಲೇ ಇದೆ ಅಂದರೆ ಮಾಡಿಸಿ. ಮಣಿ ಕೂಡದೆ ಒಳಗೆ ಟೊಳ್ಳು ಉಳಿದು, ಎದ್ದಾಗ ಕುಸಿದು ಮಲಗಿದಾಗ ಉಬ್ಬುವ ಕೆಲವರಿಗೂ ಒಳ್ಳೆಯದು. ಕೂಡಿಕೊಂಡ ಹಳೆಯ ಕುಸಿತಕ್ಕೆ ಸಿಮೆಂಟ್ ದಂಡ. ಸೋಂಕು ಇದ್ದರೆ ಮಾಡಲೇಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಸಿಮೆಂಟ್ ಸೋರಿ ನರದ ಹತ್ತಿರ ಹೋಗುವ, ರಕ್ತದ ಮೂಲಕ ಶ್ವಾಸಕೋಶ ಸೇರುವ ಅಪಾಯ ಕಡಿಮೆಯಾದರೂ ಇದ್ದೇ ಇದೆ. ಕಾಲಿನ ಬಲ ಹೋಗಿದ್ದರೆ ಸಿಮೆಂಟ್ ಒಂದರಿಂದ ಆಗುವುದಿಲ್ಲ. ಒತ್ತಡ ತೆಗೆದು ಸ್ಕ್ರೂ ಹಾಕುವ ದೊಡ್ಡ ಆಪರೇಷನ್ ಬೇಕು.

ಸಿಮೆಂಟ್ ತುಂಬಿದ್ದು ಒಂದು ಮಣಿಗೆ. ಉಳಿದ ಮಣಿಗಳು ಮೊದಲಿನ ಹಾಗೇ ಟೊಳ್ಳು. ಮುಂದಿನ ಪ್ರಶ್ನೆಯನ್ನು ದಯವಿಟ್ಟು ಪೂರ್ತಿ ಓದಿ.

ನೋವು ಹೋಯ್ತು. ಇನ್ನೂ ಯಾಕೆ ಔಷಧಿ?

ಮಣಿ ಕುಸಿದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ವರ್ಷದೊಳಗೇ ಇನ್ನೊಂದು ಕುಸಿಯುತ್ತದೆ. ತೊಡೆಯ ಕೀಲು ಮುರಿಯುವ ಭಯವೂ ಜಾಸ್ತಿ. ನೋವಿನ ಮಾತ್ರೆ, ಬ್ರೇಸ್, ಸಿಮೆಂಟ್ ಯಾವುದೂ ಇದನ್ನು ತಡೆಯುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ ಒಂದೇ ಸಾಲದು. ಮೂಳೆಗೆಂದೇ ಇರುವ ಔಷಧಿ ಬೇಕು. ನಮ್ಮ ಕಡೆ ತಪ್ಪಿಹೋಗುವುದು ಇದೇ. ನೋವು ಇಳಿದ ಮೇಲೆ ಹತ್ತು ಜನರಲ್ಲಿ ಎಷ್ಟು ಜನ ಮತ್ತೆ ಬರುತ್ತಾರೆ ಎಂದು ಬಾಗಿಲು ನೋಡುತ್ತಾ ಕೂತಿರುತ್ತೇನೆ.

ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ ಇದೆ. ಇದು ಹೊಸ ಬೆನ್ನು ಕುಸಿತವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ, ಕಾಫಿ ಟೀಗೆ ಮೊದಲು, ಒಂದು ದೊಡ್ಡ ಲೋಟ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಮಲಗಿದರೆ ಅನ್ನನಾಳ ಸುಡುತ್ತದೆ. ಸೋಮವಾರ ಅಂತಲೋ ಸಂತೆಯ ದಿನ ಅಂತಲೋ ವಾರ ಗೊತ್ತು ಮಾಡಿಕೊಳ್ಳಿ.

ಇಷ್ಟೆಲ್ಲ ನೆನಪಿಡಲು ಆಗದವರಿಗೆ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ ಡ್ರಿಪ್. ಹಳ್ಳಿಯ ಹಿರಿಯರಿಗೆ ನಾನು ಇದನ್ನೇ ಹೆಚ್ಚು ಹೇಳುತ್ತೇನೆ. 2007ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಮೂರು ವರ್ಷದಲ್ಲಿ ಬೆನ್ನು ಕುಸಿತ 70 ಶೇಕಡ ಕಡಿಮೆಯಾಗಿತ್ತು. ಮೊದಲ ಡೋಸಿನ ನಂತರ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಹೆದರಬೇಡಿ. ಕಿಡ್ನಿ ತೀರಾ ದುರ್ಬಲ ಇದ್ದವರಿಗೆ ಕೊಡುವುದಿಲ್ಲ. ವಿಟಮಿನ್ ಡಿ ಕಡಿಮೆ ಇದ್ದರೆ ಮೊದಲು ಅದನ್ನು ತುಂಬಬೇಕು.

ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಇಂಜೆಕ್ಷನ್. ಒಳ್ಳೆಯ ಔಷಧಿ. ಆದರೆ ದಿನ ತಪ್ಪಿಸಿದರೆ, ಸುಮ್ನೆ ನಿಲ್ಲಿಸಿದರೆ ಮೂಳೆ ಸರ್ರನೆ ಇಳಿದು ಒಮ್ಮೆಲೇ ಹಲವು ಮಣಿ ಕುಸಿಯಬಹುದು. ಆರು ತಿಂಗಳಿಗೆ ಸರಿಯಾಗಿ ಕರೆದುಕೊಂಡು ಬರಲು ಯಾರಾದರೂ ಇದ್ದರೆ ಮಾತ್ರ ಶುರು ಮಾಡಿಸಿ.

ಎರಡು ಮೂರು ಮಣಿ ಕುಸಿದವರಿಗೆ ಟೆರಿಪ್ಯಾರಟೈಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಸ ಮೂಳೆ ಕಟ್ಟುವ ಔಷಧಿ ಇದು. ದಿನಾ ಇನ್ಸುಲಿನ್ ತರಹ ಚುಚ್ಚಿಕೊಳ್ಳಬೇಕು, ಫ್ರಿಜ್‌ನಲ್ಲಿ ಇಡಬೇಕು, ಹೆಚ್ಚೆಂದರೆ 24 ತಿಂಗಳು. ಮುಗಿದ ಮೇಲೆ ಜೊಲೆಡ್ರೊನಿಕ್‌ನಂಥದ್ದು ಕೊಡದಿದ್ದರೆ ಕಟ್ಟಿದ್ದೆಲ್ಲ ಕರಗುತ್ತದೆ.

ದವಡೆ ಮೂಳೆ ಕೊಳೆಯುತ್ತಂತೆ ಎಂದು ಕೆಲವರು ಹೆದರುತ್ತಾರೆ. ಅದು ತೀರಾ ಅಪರೂಪ. ಹಲ್ಲು ಕೀಳಿಸುವುದಿದ್ದರೆ ಔಷಧಿಗೆ ಮೊದಲೇ ಕೀಳಿಸಿ. ಮಾತ್ರೆ 5 ವರ್ಷ, ಡ್ರಿಪ್ 3 ವರ್ಷ ಆದ ಮೇಲೆ ಮುಂದುವರಿಸಬೇಕಾ ಎಂದು ಮತ್ತೆ ನೋಡುತ್ತೇವೆ. ಆ ನಡುವೆ ತೊಡೆಯಲ್ಲಿ ಹೊಸ ನೋವು ಬಂದರೆ ಹೇಳಿ.

ದಿನಾ ರಾಗಿಮುದ್ದೆ ತಿಂತೀವಿ. ಆದರೂ ಮೂಳೆ ಯಾಕೆ ಸವೆಯುತ್ತೆ?

100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಹಿರಿಯರಿಗೆ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಬೇಕು. ಮುದ್ದೆಯ ಜೊತೆ ಎರಡು ಲೋಟ ಹಾಲು ಅಥವಾ ಮಜ್ಜಿಗೆ, ದಂಟಿನ ಸೊಪ್ಪು, ಹುರುಳಿ, ಎಳ್ಳು ಸೇರಿದರೆ ಹೆಚ್ಚುಕಡಿಮೆ ಮುಟ್ಟುತ್ತದೆ. ಆದರೆ ವಯಸ್ಸಾದ ಮೇಲೆ ಮುದ್ದೆ ಬಿಟ್ಟು ಎರಡು ಇಡ್ಲಿ, ಕಾಫಿಗೆ ಇಳಿದಿರುತ್ತಾರೆ. ಹಾಲೆಲ್ಲ ಡೇರಿಗೆ ಹೋಗುತ್ತದೆ. ಹಸು ಸಾಕಿದ ಮನೆಯ ಅಜ್ಜಿಗೇ ಹಾಲಿಲ್ಲ ಅನ್ನುವುದನ್ನು ನೋಡಿದಾಗ ಬೇಸರವಾಗುತ್ತದೆ. ಮೊಟ್ಟೆ, ಬೇಳೆ, ಕಾಳು ಕೂಡ ಬೇಕು. ಪ್ರೋಟೀನ್ ಇಲ್ಲದೆ ಮೂಳೆಯೂ ಇಲ್ಲ, ಬೀಳದಂತೆ ಹಿಡಿಯುವ ಮಾಂಸಖಂಡವೂ ಇಲ್ಲ.

ರಾಗಿಯಲ್ಲಿ ವಿಟಮಿನ್ ಡಿ ಇಲ್ಲ. ಅದು ಬಿಸಿಲಿನಿಂದ ಬರಬೇಕು. ಮನೆ ಹಿಡಿದು ಕೂತ ಹಿರಿಯರಿಗೆ ಅದೂ ಸಿಗುವುದಿಲ್ಲ. ಕಡಿಮೆ ಇದ್ದರೆ 60,000 ಯೂನಿಟ್ ಪುಡಿಯನ್ನು ವಾರಕ್ಕೊಂದರಂತೆ 8 ವಾರ ಕೊಡುತ್ತೇವೆ. ಅದನ್ನೇ ವರ್ಷಗಟ್ಟಲೆ ವಾರವಾರ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಚೀಟಿಯಲ್ಲಿ ಎಷ್ಟು ವಾರ ಎಂದು ಬರೆಸಿಕೊಳ್ಳಿ.

ವ್ಯಾಯಾಮ?

ನಡಿಗೆ, ಮತ್ತು ಬೆನ್ನನ್ನು ಹಿಂದಕ್ಕೆ ನೆಟ್ಟಗಾಗಿಸುವ ವ್ಯಾಯಾಮ. ಮುಂದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಸೂರ್ಯನಮಸ್ಕಾರ, ಮಲಗಿ ಹೊಟ್ಟೆ ಮಡಚಿ ಏಳುವುದು ಬೇಡ. ಇವು ಮಣಿಯ ಮುಂಭಾಗವನ್ನೇ ಒತ್ತುತ್ತವೆ. ಕುರ್ಚಿಯಲ್ಲಿ ಕೂತು ಭುಜದ ಎಲುಬುಗಳನ್ನು ಹಿಂದೆ ಹತ್ತಿರ ತಂದು ಐದು ಎಣಿಸಿ ಬಿಡುವುದು ಒಳ್ಳೆಯ ಶುರು. ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಮಾಡಿ.

ಮನೆಯಲ್ಲಿ ಏನು ಬದಲಾಯಿಸಬೇಕು?

ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ. ಬಚ್ಚಲ ಗೋಡೆಗೆ ಹಿಡಿ. ಕುಕ್ಕರುಗಾಲಲ್ಲಿ ಕೂರುವ ಕಕ್ಕಸಿನ ಮೇಲೆ ಇಡುವ ಕಮೋಡ್ ಕುರ್ಚಿ. ಎತ್ತರದ ಹೊಸ್ತಿಲಿಗೆ ಬಣ್ಣದ ಪಟ್ಟಿ. ಕಣ್ಣಿನ ಪೊರೆ ಇದ್ದರೆ ತೆಗೆಸಿ. ಎದ್ದಾಗ ತಲೆ ತಿರುಗಿದರೆ ಬಿಪಿ ಮಾತ್ರೆ, ನಿದ್ದೆ ಮಾತ್ರೆಗಳನ್ನು ಡಾಕ್ಟರಿಗೆ ತೋರಿಸಿ. ಬೀಡಿ, ಕುಡಿತ ಬಿಡಿಸಿ. ಗಂಡಸರ ಬೆನ್ನೂ ಕುಸಿಯುತ್ತದೆ, ಅವರು ತೋರಿಸಿಕೊಳ್ಳಲು ಬರುವುದು ಇನ್ನೂ ತಡ.

ಖರ್ಚಿಗೆ ಸರ್ಕಾರದ ನೆರವು ಸಿಗುತ್ತಾ?

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಮೊದಲು ತಾಲ್ಲೂಕು ಆಸ್ಪತ್ರೆಗೆ ಅಥವಾ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ ತೋರಿಸಿ. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಚೀಟಿ ಬರೆದು ಕಳಿಸುತ್ತಾರೆ. ರೇಷನ್ ಕಾರ್ಡ್, ಆಧಾರ್ ಎರಡೂ ಇರಲಿ. ಮುಂದೆ ದಿನಾ ಬೇಕಾಗುವ ಮಾತ್ರೆಗಳಿಗೆ ಜನೌಷಧಿ ಅಂಗಡಿಯಲ್ಲಿ ಕೇಳಿ ನೋಡಿ.

ಡಾಕ್ಟರ ಹತ್ತಿರ ಬರುವಾಗ ಏನು ತರಬೇಕು?

ಹಳೆಯ ಎಕ್ಸ್‌ರೇ ಎಲ್ಲವೂ, ಎಷ್ಟೇ ಹಳೆಯದಾಗಿದ್ದರೂ. ಎದೆಯ ಎಕ್ಸ್‌ರೇ ಇದ್ದರೂ ತನ್ನಿ, ಅದರಲ್ಲೂ ಮಣಿಗಳು ಕಾಣುತ್ತವೆ. ಹೊಸ ಕುಸಿತವೋ ಹಳೆಯದೋ ಎಂದು ಹೇಳಲು ಎಷ್ಟೋ ಸಲ ಅದೇ ಸಾಕು, ಎಂಆರ್‌ಐ ಖರ್ಚು ಉಳಿಯುತ್ತದೆ. ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಎಣ್ಣೆ, ಕಷಾಯವನ್ನು ಒಂದು ಚೀಲಕ್ಕೆ ಹಾಕಿ ತನ್ನಿ. ಯಾರು ಕೊಟ್ಟದ್ದು ಎಂದು ನಾವು ಬೈಯುವುದಿಲ್ಲ. ಕುಡಿಯುವ ನೀರು ಕೊಳವೆಬಾವಿಯದೋ ಘಟಕದ್ದೋ ಕೇಳಿಕೊಂಡು ಬನ್ನಿ. ಜೊತೆಗೆ, ದಿನಾ ಅವರನ್ನು ಎಬ್ಬಿಸಿ ಕೂರಿಸುವವರೇ ಬನ್ನಿ. ಮಗ್ಗುಲು ತಿರುಗಿಸಿ ಎಬ್ಬಿಸುವುದನ್ನು ತೋರಿಸಿಕೊಡಬೇಕಾದದ್ದು ಅವರಿಗೇ.